ಹಳೇ ಇಟ್ಟಿಗೆಯಲ್ಲೇ ತೋಟದ ಗೋಡೆ ಕಟ್ಟಿ ಕಾರಿಗೆ ಜಾಗ ಮಾಡಬಹುದೇ? ಏಳು ನಂಬಿಕೆಗಳು ಮತ್ತು ನಿಜಾಂಶ

"ಮನೆ ಮುಂದಿನ ತೋಟದ ಗೋಡೆ ಒಡೆಸಿ, ಅದೇ ಇಟ್ಟಿಗೆಯಲ್ಲಿ ಸ್ವಲ್ಪ ಹಿಂದಕ್ಕೆ, ತೆಳ್ಳಗೆ ಕಟ್ಟಿಸಿ. ಇಟ್ಟಿಗೆ ಖರ್ಚಿಲ್ಲ, ಕಾರಿಗೆ ಜಾಗ ಪುಕ್ಕಟೆ!" ಈ ಧಾಟಿಯ ಸಲಹೆಗಳು, ಮುಂಚೆ ಹೀಗಿತ್ತು ಈಗ ಹೀಗಿದೆ ಎನ್ನುವ ಫೋಟೋಗಳು, ಅರ್ಧ ನಿಮಿಷದ ವಿಡಿಯೋಗಳು ನಿಮ್ಮ ಫೋನಿಗೂ ಬಂದಿರಬಹುದು. ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಮನೆಯೊಳಗೆ ನಿಲ್ಲಿಸಿದರೆ ಬಾಗಿಲು ತೆರೆಯಲಾಗುವುದಿಲ್ಲ. ಹಾಗಾಗಿ ಇಂಥ ಸಂದೇಶ ನೋಡಿದ ಕೂಡಲೇ ಆಸೆಯಾಗುವುದು ಸಹಜ.

ಇದರಲ್ಲಿ ಎಷ್ಟು ನಿಜ, ಎಷ್ಟು ಅಪಾಯ? ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಹೌದು, ಹಳೇ ಇಟ್ಟಿಗೆ, ಕಲ್ಲು ಮತ್ತೆ ಬಳಸಬಹುದು. ಅದು ಒಳ್ಳೆಯದೂ ಹೌದು. ಆದರೆ ಹಳೇ ಗೋಡೆಯಿಂದ ನಿಮಗೆ ಮರಳಿ ಸಿಗುವುದು ಇಟ್ಟಿಗೆ ಮಾತ್ರ. ಗೋಡೆಯನ್ನು ಇಷ್ಟು ವರ್ಷ ನಿಲ್ಲಿಸಿದ್ದು ಅದರ ಪಾಯ, ಅದರ ದಪ್ಪ ಮತ್ತು ಹಿಂದಿನ ನೀರು ಹರಿದುಹೋಗುವ ದಾರಿ. ಈ ಮೂರನ್ನೂ ಹೊಸದಾಗಿಯೇ ಮಾಡಬೇಕು. ಫಾರ್ವರ್ಡ್‌ಗಳು ಬಿಟ್ಟುಬಿಡುವುದು ಈ ಮೂರನ್ನೇ.

ಮೊದಲು ಟೇಪು ಹಿಡಿಯಿರಿ: ನಿಜಕ್ಕೂ ಎಷ್ಟು ಜಾಗ ಬೇಕು?

ಎಷ್ಟೋ ಹಳೇ ಮನೆಗಳಲ್ಲಿ ಕಾಂಪೌಂಡಿನ ಒಂದು ಬದಿಗೆ 7 ಅಡಿ ಅಗಲದ ದಾರಿ, ಅದರ ಪಕ್ಕದಲ್ಲಿ ಮಣ್ಣು ತುಂಬಿದ ತೋಟದ ಕಟ್ಟೆ ಅಥವಾ ಗೋಡೆ ಇರುತ್ತದೆ. 7 ಅಡಿ ಎಂದರೆ 2.13 ಮೀಟರ್. ಮಾರುತಿ ಸ್ವಿಫ್ಟ್ ಕಾರಿನ ಅಗಲ, ಕನ್ನಡಿಗಳನ್ನು ಬಿಟ್ಟು, 1.73 ಮೀಟರ್. ಉಳಿಯುವುದು 40 ಸೆಂಟಿಮೀಟರ್. ನಡುವೆ ನಿಲ್ಲಿಸಿದರೆ ಎರಡೂ ಬದಿಗೆ ತಲಾ ಒಂದು ಗೇಣು ಕೂಡ ಸಿಗುವುದಿಲ್ಲ. ಇಳಿಯುವುದು ಹೇಗೆ?

ಗೋಡೆಯನ್ನು 2 ಅಡಿ ಹಿಂದಕ್ಕೆ ಸರಿಸಿದರೆ ದಾರಿ 2.74 ಮೀಟರ್ ಆಗುತ್ತದೆ. ಈಗ ಕಾರಿನ ಹೊರತಾಗಿ 1 ಮೀಟರ್ ಉಳಿಯಿತು. ಒಂದು ಬದಿಗೆ ಒತ್ತಿ ನಿಲ್ಲಿಸಿದರೆ ಚಾಲಕರ ಬಾಗಿಲು ಸಲೀಸಾಗಿ ತೆರೆಯುತ್ತದೆ. ಸಾಮಾನ್ಯ ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಇದ್ದರೆ ಸಾಕಷ್ಟಾಯಿತು.

ಇನ್ನೊಂದು ದಾರಿ, ಗೋಡೆಯನ್ನು ಅಲ್ಲೇ ಇಟ್ಟು 9 ಇಂಚಿನ ಬದಲು ನಾಲ್ಕೂವರೆ ಇಂಚಿಗೆ ತೆಳ್ಳಗೆ ಮಾಡುವುದು. ಇದರಿಂದ ಸಿಗುವುದು ನಾಲ್ಕೂವರೆ ಇಂಚು ಮಾತ್ರ. ಬಾಗಿಲು ತೆರೆಯಲು ಇದು ಸಾಲುವುದಿಲ್ಲ. ಅಂದರೆ ಜಾಗ ಸಿಗುವುದು ಗೋಡೆ ಸರಿಸುವುದರಿಂದ, ತೆಳ್ಳಗೆ ಮಾಡುವುದರಿಂದಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಂಬಿಕೆ 1: "ಹಳೇ ಇಟ್ಟಿಗೆ ಹೊಸದಕ್ಕಿಂತ ಯಾವಾಗಲೂ ಗಟ್ಟಿ"

ಅರ್ಧ ನಿಜ. ಇಟ್ಟಿಗೆಯ ಗಟ್ಟಿತನ ವಯಸ್ಸಿನಿಂದ ಬರುವುದಿಲ್ಲ. ಯಾವ ಮಣ್ಣು, ಗೂಡಿನಲ್ಲಿ ಎಷ್ಟು ಬೆಂದಿದೆ ಎನ್ನುವುದರಿಂದ ಬರುತ್ತದೆ. ಚೆನ್ನಾಗಿ ಬೆಂದ ಇಟ್ಟಿಗೆ ನೂರು ವರ್ಷ ಇರಬಹುದು. ಅರೆಬೆಂದ ಇಟ್ಟಿಗೆ ಗೂಡಿನಿಂದ ಬಂದ ದಿನವೂ ದುರ್ಬಲವೇ. ಹಳೇ ಗೋಡೆಯಲ್ಲಿ ಎರಡೂ ಬೆರೆತಿರುತ್ತವೆ. ಅದರ ಮೇಲೆ, ಬುಡದ ಸಾಲುಗಳು ವರ್ಷಗಟ್ಟಲೆ ತೇವ ಹೀರಿ, ಉಪ್ಪು ಬಿಟ್ಟು, ಮುಖ ಉದುರಿಸಿಕೊಂಡಿರುತ್ತವೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಇವು:

- ಎರಡು ಇಟ್ಟಿಗೆ ಹಿಡಿದು ಒಂದಕ್ಕೊಂದು ತಟ್ಟಿ. ಲೋಹದಂತೆ "ಟಣ್" ಎಂದರೆ ಒಳ್ಳೆಯದು. "ದಬ್" ಎಂದರೆ ಒಳಗೆ ಬಿರುಕಿದೆ ಅಥವಾ ಸರಿಯಾಗಿ ಬೆಂದಿಲ್ಲ.
- ಉಗುರಿನಿಂದ ಗೀರಿ. ಗೀರು ಬಿದ್ದರೆ ಪಕ್ಕಕ್ಕಿಡಿ.
- ಸುಮಾರು 1 ಮೀಟರ್ ಎತ್ತರದಿಂದ ಗಟ್ಟಿ ಮಣ್ಣಿನ ನೆಲಕ್ಕೆ ಬಿಡಿ. ಒಡೆಯಬಾರದು.
- ಒಣ ಇಟ್ಟಿಗೆ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. ಸಾಮಾನ್ಯ ಇಟ್ಟಿಗೆಗೆ ಭಾರತೀಯ ಮಾನಕ ಒಪ್ಪುವುದು ಶೇ. 20ರಷ್ಟು ಹೆಚ್ಚಳವನ್ನು. 3 ಕೆಜಿಯ ಇಟ್ಟಿಗೆ ನೆನೆದ ಮೇಲೆ 3.6 ಕೆಜಿ ದಾಟಬಾರದು.
- ಬಿಳಿ ಉಪ್ಪಿನ ಪುಡಿ ದಪ್ಪಗೆ ಕೂತಿರುವ ಇಟ್ಟಿಗೆಯನ್ನು ನೆಲಕ್ಕೆ ಹತ್ತಿರದ ಸಾಲಿಗೆ ಬಳಸಬೇಡಿ.

ಇಟ್ಟಿಗೆ ಎಷ್ಟು ಉಳಿಯುತ್ತದೆ? ಇದನ್ನು ನಿರ್ಧರಿಸುವುದು ಇಟ್ಟಿಗೆಗಿಂತ ಹೆಚ್ಚಾಗಿ ಗಾರೆ. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯಿಂದ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಸಿಮೆಂಟ್ ಗಾರೆ ಗಟ್ಟಿಯಾಗಿದ್ದರೆ ಗಾರೆಯ ಬದಲು ಇಟ್ಟಿಗೆಯೇ ಒಡೆಯುತ್ತದೆ. 5 ಮೀಟರ್ ಉದ್ದ, 1 ಮೀಟರ್ ಎತ್ತರ, 9 ಇಂಚು ದಪ್ಪದ ಗೋಡೆಯಲ್ಲಿ ಸುಮಾರು 575 ಇಟ್ಟಿಗೆ ಇರುತ್ತವೆ. ಪೂರ್ತಿ ಕೆಡವುವ ಮುಂಚೆ ಮೇಲಿನ ಎರಡು ಸಾಲು ಮಾತ್ರ ಬಿಡಿಸಿ, ಇಡೀ ಇಟ್ಟಿಗೆ ಎಷ್ಟು, ಚೂರು ಎಷ್ಟು ಎಂದು ಎಣಿಸಿ. ಮೂರರಲ್ಲಿ ಒಂದು ಒಡೆಯುತ್ತಿದ್ದರೆ 575ರಲ್ಲಿ ಕೈಗೆ ಬರುವುದು 380ರ ಆಸುಪಾಸು. ಉಳಿದದ್ದನ್ನು ಮೊದಲೇ ತರಿಸಿಟ್ಟುಕೊಳ್ಳಬೇಕು. ಹಳೇ ಇಟ್ಟಿಗೆಯ ಅಳತೆ ಹೊಸದಕ್ಕೆ ಹೊಂದದೇ ಇರಬಹುದು, ಅದನ್ನೂ ನೋಡಿಕೊಳ್ಳಿ.

ನಂಬಿಕೆ 2: "ಒಡೆದ ಗಾರೆಯನ್ನು ಪುಡಿ ಮಾಡಿ ಜರಡಿ ಹಿಡಿದರೆ ಅದೇ ಸಿಮೆಂಟ್ ಮತ್ತೆ ಕೆಲಸ ಮಾಡುತ್ತದೆ"

ಸುಳ್ಳು. ಸಿಮೆಂಟ್ ಗಟ್ಟಿಯಾಗುವುದು ನೀರು ಆರಿದ್ದರಿಂದ ಅಲ್ಲ. ಸಿಮೆಂಟ್ ಮತ್ತು ನೀರು ಸೇರಿ ರಾಸಾಯನಿಕ ಕ್ರಿಯೆ ನಡೆದು ಹೊಸ ವಸ್ತುವೊಂದು ಹುಟ್ಟುತ್ತದೆ. ಇಡ್ಲಿಯನ್ನು ಪುಡಿ ಮಾಡಿ ನೀರು ಬೆರೆಸಿದರೆ ಮತ್ತೆ ಹಿಟ್ಟಾಗುವುದಿಲ್ಲವಲ್ಲ, ಇದೂ ಹಾಗೆಯೇ. ಹಳೇ ಗಾರೆಯ ಪುಡಿಗೆ ಅಂಟುವ ಶಕ್ತಿ ಉಳಿದಿರುವುದಿಲ್ಲ. ಅದನ್ನು ಹೊಸ ಗಾರೆಯಲ್ಲಿ ಮರಳಿನ ಬದಲಿಗೆ ಹಾಕಿದರೂ ಅದರಲ್ಲಿರುವ ನಯವಾದ ಧೂಳು, ಮಣ್ಣು ಸೇರಿ ಗಾರೆ ದುರ್ಬಲವಾಗುತ್ತದೆ. ಇಟ್ಟಿಗೆ ಚೂರು ಮತ್ತು ಗಾರೆ ಚೂರಿಗೆ ಸರಿಯಾದ ಜಾಗ ಪಾರ್ಕಿಂಗ್ ನೆಲದ ಕೆಳಗಿನ ಭರ್ತಿ.

ಇದೇ ಕಾರಣಕ್ಕೆ ಕ್ಯೂರಿಂಗ್ ಮುಖ್ಯ. ಆ ಕ್ರಿಯೆಗೆ ದಿನಗಟ್ಟಲೆ ನೀರು ಬೇಕು. ಹೊಸ ಗೋಡೆಗೆ ಕನಿಷ್ಠ 7 ದಿನ ನೀರು ಹಾಕಿ. ನೀರು ಬೆರೆಸಿದ ಗಾರೆಯನ್ನು ಎರಡು ಗಂಟೆಯೊಳಗೆ ಮುಗಿಸಿ. ಬಾಂಡ್ಲಿಯಲ್ಲಿ ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಚಿಮುಕಿಸಿ ಬಳಸುವುದು ಬೇಡ.

ನಂಬಿಕೆ 3: "ಬೆಲ್ಲದ ನೀರು ಬೆರೆಸಿದರೆ ಕೋಟೆಯ ಗೋಡೆಯಂತೆ ಗಟ್ಟಿಯಾಗುತ್ತದೆ"

ಸುಣ್ಣಕ್ಕೆ ನಿಜ, ಸಿಮೆಂಟಿಗೆ ಅಪಾಯ. ಹಿಂದಿನವರು ಸುಣ್ಣದ ಗಾರೆಗೆ ಬೆಲ್ಲ, ಗಿಡದ ಅಂಟು ಮುಂತಾದವನ್ನು ಸೇರಿಸುತ್ತಿದ್ದರು. ಸುಣ್ಣ ಗಟ್ಟಿಯಾಗುವ ರೀತಿಯೇ ಬೇರೆ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ.

ಇಂದಿನ ಸಿಮೆಂಟಿಗೆ ಸಕ್ಕರೆಯ ಅಂಶ ಎಂದರೆ ಬ್ರೇಕ್ ಹಾಕಿದಂತೆ. 50 ಕೆಜಿ ಮೂಟೆಗೆ 25 ಗ್ರಾಂ ಸಕ್ಕರೆ ಸೇರಿದರೂ ಗಾರೆ ಬಿಗಿಯುವುದು ಹಲವು ಗಂಟೆ ತಡವಾಗುತ್ತದೆ. ಅರ್ಧ ಕೆಜಿ ಸೇರಿದರೆ ಗಾರೆ ಸರಿಯಾಗಿ ಬಿಗಿಯದೆಯೇ ಹೋಗಬಹುದು. ಬೆಲ್ಲದಲ್ಲಿ ಇರುವುದು ಬಹುಪಾಲು ಸಕ್ಕರೆಯೇ. ಹಾಗಾಗಿ ಬೆಲ್ಲವನ್ನು ಹೋಳಿಗೆಗೆ ಇಟ್ಟುಕೊಳ್ಳಿ.

ಹಳೇ ಸುಣ್ಣದ ಗಾರೆ ಗೋಡೆಯ ಇಟ್ಟಿಗೆ ನಿಮಗೆ ಸಿಕ್ಕಿದ್ದರೆ ಅದನ್ನು ಉಜ್ಜಿ ತೊಳೆದು, ಬಳಸುವ ಮುಂಚೆ ನೀರಿನಲ್ಲಿ ನೆನೆಸಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ. ಹಳೇ ಗಾರೆಯ ಪದರ ಉಳಿದಿದ್ದರೆ ಹೊಸ ಗಾರೆ ಇಟ್ಟಿಗೆಗೆ ಕಚ್ಚುವುದಿಲ್ಲ.

ನಂಬಿಕೆ 4: "ಅರ್ಧ ದಪ್ಪ ಮಾಡಿದರೆ ಅರ್ಧ ಬಲ ಉಳಿಯುತ್ತದೆ, ತೋಟದ ಗೋಡೆಗೆ ಅಷ್ಟು ಸಾಕು"

ಸುಳ್ಳು. ಉಳಿಯುವುದು ಕಾಲುಭಾಗ. ಸೂರಿಲ್ಲದೆ ಒಂಟಿಯಾಗಿ ನಿಂತ ಗೋಡೆ ಉರುಳದೆ ನಿಲ್ಲುವುದು ತನ್ನ ತೂಕದಿಂದ ಮತ್ತು ಬುಡದ ಅಗಲದಿಂದ. 1.5 ಮೀಟರ್, ಅಂದರೆ 5 ಅಡಿ ಎತ್ತರದ 9 ಇಂಚಿನ ಇಟ್ಟಿಗೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 660 ಕೆಜಿ ತೂಕ. ನಾಲ್ಕೂವರೆ ಇಂಚು ಮಾಡಿದರೆ ತೂಕ 330 ಕೆಜಿ. ಅದು ಒಂದು ಅರ್ಧ. ಜೊತೆಗೆ ಬುಡದ ಅಗಲವೂ ಅರ್ಧವಾಯಿತು. ಅರ್ಧದ ಅರ್ಧ, ಕಾಲು.

ದಪ್ಪ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಬೆರಳಲ್ಲಿ ತಳ್ಳಿ ನೋಡಿ. ಆಮೇಲೆ ತೆಳ್ಳನೆಯ ನೋಟ್‌ಬುಕ್ ನಿಲ್ಲಿಸಿ ಊದಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ತೆಳ್ಳನೆಯ ಗೋಡೆ ಕಟ್ಟಲೇಬಾರದು ಎಂದಲ್ಲ. ಅದು ಎರಡೂ ಕಡೆ ನೆಲ ಸಮನಾಗಿದ್ದು, ಎತ್ತರ ಕಡಿಮೆ ಇದ್ದು, ನಡುನಡುವೆ ಪಿಲ್ಲರ್ ಇರುವ ಗೋಡೆಯಾಗಿರಬೇಕು. ಗಾರೆಯೂ 1:6 ಬದಲು 1:4 ಇರಬೇಕು, ಅಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಒಂದು ಬದಿ ಮಣ್ಣಿದ್ದರೆ ತೆಳ್ಳನೆಯ ಗೋಡೆಯ ಮಾತೇ ಬೇಡ. ಯಾಕೆ ಎಂದು ಈಗ ನೋಡೋಣ.

ನಂಬಿಕೆ 5: "ಇಷ್ಟು ವರ್ಷ ಮಣ್ಣು ತಡೆದಿದೆ, ಮುಂದೆಯೂ ತಡೆಯುತ್ತದೆ"

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಪಾರ್ಕಿಂಗ್ ನೆಲ ರಸ್ತೆಯ ಮಟ್ಟಕ್ಕೆ ಬರಲೆಂದು ಒಂದು ಬದಿಯ ಮಣ್ಣು ಅಗೆಯುತ್ತೇವೆ. ತೋಟ ಮೇಲೆ ಉಳಿಯುತ್ತದೆ, ಕಾರು ಕೆಳಗೆ ನಿಲ್ಲುತ್ತದೆ. ಆ ಕ್ಷಣದಿಂದ ಅದು ಬರೀ ತೋಟದ ಗೋಡೆಯಲ್ಲ, ಮಣ್ಣು ತಡೆಯುವ ಗೋಡೆ. ಎರಡಕ್ಕೂ ಅಜಗಜಾಂತರ.

ಲೆಕ್ಕ ನೋಡಿ. 1 ಮೀಟರ್ ಎತ್ತರದ ಒಣ ಮಣ್ಣು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 300 ಕೆಜಿಯಷ್ಟು ಬಲದಿಂದ ಪಕ್ಕಕ್ಕೆ ದೂಡುತ್ತದೆ. ಮಳೆ ಬಂದು ಆ ಮಣ್ಣಿನಲ್ಲಿ ನೀರು ತುಂಬಿ ನಿಂತರೆ ದೂಡುವ ಬಲ ಸುಮಾರು 650 ಕೆಜಿ. ಅಂದರೆ ಎರಡು ಪಟ್ಟಿಗೂ ಹೆಚ್ಚು. ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ.

9 ಇಂಚಿನ ಇಟ್ಟಿಗೆ ಗೋಡೆ ಬರೀ ತನ್ನ ತೂಕದಿಂದ 1 ಮೀಟರ್ ಸಡಿಲ ಮಣ್ಣನ್ನೂ ತಡೆಯಲಾರದು. ಹಾಗಿದ್ದರೂ ಅಂಥ ಗೋಡೆಗಳು ವರ್ಷಗಟ್ಟಲೆ ನಿಂತಿರುತ್ತವಲ್ಲ? ಒಣಗಿದ ಮಣ್ಣಿಗೆ ತನ್ನದೇ ಹಿಡಿತ ಇರುತ್ತದೆ, ಬೇರುಗಳು ಹಿಡಿದಿರುತ್ತವೆ, ಮೂಲೆಗಳು ಆಸರೆ ಕೊಡುತ್ತವೆ. ಜೋರು ಮಳೆ ಬಂದ ದಿನ ಈ ಆಸರೆ ಸಡಿಲವಾಗುತ್ತದೆ. ಗೋಡೆಗಳು ಬೀಳುವುದು ಬಹುತೇಕ ಆ ದಿನವೇ, ಅದೂ ಮುನ್ಸೂಚನೆ ಕೊಡದೆ.

ಇದು ಹೆದರಿಸುವ ಮಾತಲ್ಲ. 2024ರ ಜೂನ್ 26ರಂದು ಮಂಗಳೂರಿನ ಉಳ್ಳಾಲ ಬಳಿಯ ಕುತ್ತಾರಿನಲ್ಲಿ ಮಳೆಗೆ ಕಾಂಪೌಂಡ್ ಗೋಡೆ ಪಕ್ಕದ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಸತ್ತರು. 2019ರ ಡಿಸೆಂಬರ್ 2ರಂದು ತಮಿಳುನಾಡಿನ ಮೆಟ್ಟುಪಾಳ್ಯಂ ಬಳಿ ಸುಮಾರು 20 ಅಡಿ ಎತ್ತರದ ಕಾಂಪೌಂಡ್ ಗೋಡೆ ಮನೆಗಳ ಮೇಲೆ ಬಿದ್ದು 17 ಮಂದಿ ಸತ್ತರು. ಅದೇ ವರ್ಷದ ಜೂನ್ 29ರಂದು ಪುಣೆಯ ಕೊಂಢ್ವಾದಲ್ಲಿ ವಸತಿ ಸಮುಚ್ಚಯವೊಂದರ ಗೋಡೆ ಕೆಳಗಿನ ಕಾರ್ಮಿಕರ ಶೆಡ್ಡುಗಳ ಮೇಲೆ ಕುಸಿದು 15 ಮಂದಿ ಸತ್ತರು. ಅಲ್ಲಿ ಗೋಡೆಗೆ ಒತ್ತಿಕೊಂಡೇ ಪಾರ್ಕಿಂಗ್ ಇತ್ತು. ನಿಲ್ಲಿಸಿದ್ದ ಕಾರುಗಳೂ ಮಣ್ಣಿನೊಂದಿಗೆ ಕೆಳಗೆ ಬಿದ್ದವು.

ಕೊನೆಯ ಸಂಗತಿ ಗಮನಿಸಿ. ಕಾರು ಗೋಡೆಯ ಕೆಳಗಿನ ಬದಿ ನಿಂತರೆ ಅಪಾಯ ಕಾರಿಗೆ ಮತ್ತು ಅದರ ಪಕ್ಕ ಓಡಾಡುವವರಿಗೆ. ಕಾರು ಮೇಲಿನ ಬದಿ ನಿಂತರೆ ಒಂದು ಟನ್ನಿನ ಆಸುಪಾಸಿನ ಅದರ ತೂಕ ಮಣ್ಣಿನ ಮೂಲಕ ಗೋಡೆಯನ್ನೇ ದೂಡುತ್ತದೆ. ಆಗ ಅಪಾಯ ಕೆಳಗಿನ ಮನೆಯವರಿಗೆ.

ಹಾಗಾದರೆ ದಪ್ಪ ಗೋಡೆ ಕಟ್ಟಿದರೆ ಜಾಗ ಮತ್ತೆ ಹೋಯಿತಲ್ಲ? ಇಲ್ಲ. ಇದೇ ಈ ಕೆಲಸದ ಗುಟ್ಟು. ಮಣ್ಣು ತಡೆಯುವ ಕಲ್ಲಿನ ಗೋಡೆಗೆ ಬುಡದ ಅಗಲ ಎತ್ತರದ ಅರ್ಧದಷ್ಟಾದರೂ ಇರಬೇಕು ಎನ್ನುವುದು ಸಾಮಾನ್ಯ ಲೆಕ್ಕ. 3 ಅಡಿ ಮಣ್ಣಿಗೆ ಒಂದೂವರೆ ಅಡಿ ಬುಡ. ಆದರೆ ಆ ದಪ್ಪವನ್ನು ತೋಟದ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಬಿಡಬಹುದು. ಕಾರಿನ ಬದಿಯ ಮುಖ ನೇರವಾಗಿಯೇ ಇರುತ್ತದೆ. ದಪ್ಪ ಭಾಗ ಮಣ್ಣಿನೊಳಗೆ ಮುಚ್ಚಿಹೋಗುತ್ತದೆ, ಅದರ ಮೇಲೆ ಗಿಡ ಬೆಳೆಯುತ್ತದೆ. ಕಾರಿಗೆ ಒಂದು ಇಂಚೂ ನಷ್ಟವಿಲ್ಲ.

ತಡೆಯಬೇಕಾದ ಮಣ್ಣು 3 ಅಡಿಗಿಂತ ಎತ್ತರವಿದ್ದರೆ, ಕೆಳಗೆ ಮನೆ ಅಥವಾ ದಾರಿ ಇದ್ದರೆ, ಮೇಲಿನ ಬದಿ ಕಾರು ನಿಲ್ಲುವುದಿದ್ದರೆ ಮೇಸ್ತ್ರಿಯ ಅನುಭವವೊಂದೇ ಸಾಲದು. ಸಿವಿಲ್ ಎಂಜಿನಿಯರ್ ನೋಡಿ ಲೆಕ್ಕ ಹಾಕಿಕೊಡಬೇಕು.

ನಂಬಿಕೆ 6: "ಗೋಡೆಯಲ್ಲಿ ತೂತು ಬಿಟ್ಟರೆ ಗೋಡೆ ದುರ್ಬಲವಾಗುತ್ತದೆ"

ತದ್ವಿರುದ್ಧ. ಮಣ್ಣು ತಡೆಯುವ ಗೋಡೆಗಳ ಬುಡದಲ್ಲಿ ಕಾಣುವ ಸಾಲು ಪೈಪುಗಳೇ ಗೋಡೆಯನ್ನು ಉಳಿಸುವುದು. ಮೇಲೆ ಹೇಳಿದ 650 ಕೆಜಿ ಬಲದಲ್ಲಿ 500 ಕೆಜಿ ಬರೀ ನಿಂತ ನೀರಿನದು. ನೀರು ಹೊರಗೆ ಹೋಗಲು ದಾರಿ ಇದ್ದರೆ ಆ ಹೊರೆಯೇ ಇಲ್ಲ. ತೋಟಕ್ಕೆ ದಿನಾ ನೀರು ಹಾಕುವ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಮಾಡುವುದು ಸುಲಭ. ನೆಲಮಟ್ಟದಿಂದ ಒಂದು ಗೇಣು ಮೇಲೆ, ಒಂದರಿಂದ ಒಂದೂವರೆ ಮೀಟರಿಗೆ ಒಂದರಂತೆ 2ರಿಂದ 3 ಇಂಚಿನ ಪೈಪು ತುಂಡುಗಳನ್ನು ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಕೂರಿಸಿ. ಗೋಡೆಯ ಹಿಂಬದಿಗೆ ಒಂದು ಅಡಿ ಅಗಲ ಜಲ್ಲಿ ತುಂಬಿ. ಪೈಪಿನ ಒಳಬಾಯಿಗೆ ಜಾಲರಿ ಕಟ್ಟಿ, ಇಲ್ಲದಿದ್ದರೆ ಮಣ್ಣು ಕಟ್ಟಿಕೊಳ್ಳುತ್ತದೆ. ಹಳೇ ಗೋಡೆಯ ಗಟ್ಟಿ ಇಟ್ಟಿಗೆ ಚೂರುಗಳನ್ನು ಧೂಳು ಜರಡಿ ಹಿಡಿದು ತೆಗೆದು ಈ ಜಲ್ಲಿಯ ಜೊತೆ ಬಳಸಬಹುದು.

ನಂಬಿಕೆ 7: "ನಮ್ಮ ಜಾಗ, ನಮ್ಮ ಗೋಡೆ, ಕೇಳೋರು ಯಾರು?"

ಅಷ್ಟು ಸರಳವಲ್ಲ. ಗೋಡೆಯನ್ನು ಒಳಕ್ಕೆ ಸರಿಸುವುದಕ್ಕೂ ಹೊರಕ್ಕೆ ಸರಿಸುವುದಕ್ಕೂ ವ್ಯತ್ಯಾಸವಿದೆ. ಹೊರಕ್ಕೆ ಸರಿಸಿ ಚರಂಡಿ, ಫುಟ್‌ಪಾತ್ ಮೇಲೆ ಬಂದರೆ ಅದು ಒತ್ತುವರಿ. ಚರಂಡಿಯ ಬಾಯಿ ಮುಚ್ಚುವ ಕಾಂಕ್ರೀಟ್ ಇಳಿಜಾರಿಗೂ ಇದೇ ಮಾತು. ಮಳೆ ಬಂದಾಗ ಆ ನೀರು ನುಗ್ಗುವುದು ನಿಮ್ಮದೇ ಗೇಟಿನೊಳಕ್ಕೆ.

ಇವಿಷ್ಟನ್ನು ಮೊದಲೇ ವಿಚಾರಿಸಿಕೊಳ್ಳಿ:

- ಎರಡು ಮನೆಗಳ ನಡುವಿನ ಗೋಡೆಯಾದರೆ ಪಕ್ಕದವರ ಒಪ್ಪಿಗೆ ಬರವಣಿಗೆಯಲ್ಲಿರಲಿ.
- ಪಾಲಿಕೆ, ನಗರಸಭೆ ಅಥವಾ ಪಂಚಾಯಿತಿಯಲ್ಲಿ ಅನುಮತಿ ಬೇಕೇ ಎಂದು ಕೇಳಿ.
- ಅಡ್ಡ ಬರುವ ಮರ ಕಡಿಯುವ ಮುಂಚೆ ನಿಲ್ಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ.
- ಒಡೆದ ಚೂರನ್ನು ರಸ್ತೆ ಬದಿ, ಕೆರೆ ಅಂಚು, ರಾಜಕಾಲುವೆಗೆ ಸುರಿಯುವಂತಿಲ್ಲ. ಕಟ್ಟಡ ತ್ಯಾಜ್ಯಕ್ಕೆ 2016ರಿಂದಲೇ ಪ್ರತ್ಯೇಕ ನಿಯಮಗಳಿವೆ.

ಯಾವುದನ್ನು ಮತ್ತೆ ಬಳಸಬಹುದು, ಯಾವುದು ಬೇಡ?

- ಸೈಜುಗಲ್ಲು: ಮರುಬಳಕೆಗೆ ಎಲ್ಲಕ್ಕಿಂತ ಒಳ್ಳೆಯದು. ಗಾರೆ ಕೆತ್ತಿ ತೆಗೆದರೆ ಸಾಕು. ಭಾರ ಹೆಚ್ಚಿರುವುದರಿಂದ ಮಣ್ಣು ತಡೆಯುವ ಗೋಡೆಗೆ ಇದೇ ಸರಿ.
- ಮುರಕಲ್ಲು: ಕರಾವಳಿಯ ಮನೆಗಳಲ್ಲಿ ಧಾರಾಳ. ಅಂಚು ಪುಡಿಯಾಗುತ್ತಿರುವ, ಜೇಡಿಮಣ್ಣಿನ ತೂತುಗಳಿರುವ ಕಲ್ಲು ಬಿಟ್ಟು ಉಳಿದದ್ದು ಬಳಸಿ.
- ಇಟ್ಟಿಗೆ: ಮೇಲಿನ ಪರೀಕ್ಷೆ ದಾಟಿದ್ದು ಮಾತ್ರ. ಒಳ್ಳೆಯದನ್ನು ಬುಡಕ್ಕೆ, ಸಾಧಾರಣದ್ದನ್ನು ಮೇಲಿನ ಸಾಲುಗಳಿಗೆ.
- ಕಾಂಕ್ರೀಟ್ ಬ್ಲಾಕ್: ಬಿರುಕಿಲ್ಲದಿದ್ದರೆ ಬಳಸಬಹುದು.
- ಚಪ್ಪಡಿ ಕಲ್ಲು, ಶಹಾಬಾದ್ ಕಲ್ಲು: ನೆಲಕ್ಕೆ. ತೆಳ್ಳನೆಯ ಕಲ್ಲಿನ ಕೆಳಗೆ ಪೊಳ್ಳು ಇದ್ದರೆ ಚಕ್ರದ ಭಾರಕ್ಕೆ ಒಡೆಯುತ್ತದೆ.
- ಹಳೇ ಕಂಬಿ: ಬೇಡ. ಒಮ್ಮೆ ಬಗ್ಗಿಸಿದ ಟಿಎಂಟಿ ಕಂಬಿಯನ್ನು ಬಡಿದು ನೆಟ್ಟಗೆ ಮಾಡಿದರೆ ಬಗ್ಗಿದ ಜಾಗದಲ್ಲಿ ಕಣ್ಣಿಗೆ ಕಾಣದ ಸೀಳು ಉಳಿಯಬಹುದು. ಪಿಲ್ಲರಿಗೆ ಹೊಸ ಕಂಬಿಯೇ ಇರಲಿ.
- ಹಳೇ ಆಸ್ಬೆಸ್ಟಾಸ್ ಶೀಟು: ಒಡೆಯಲೂ ಬೇಡಿ, ಕತ್ತರಿಸಲೂ ಬೇಡಿ. ಅದರ ನಾರು ಶ್ವಾಸಕೋಶ ಸೇರಿದರೆ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು.

ಕೆಡವುವಾಗ ಎಚ್ಚರ

ಗೋಡೆಯನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ, ಸಾಲು ಸಾಲಾಗಿ ಬಿಡಿಸಿ. ಬುಡ ಕಡಿದು ಒಮ್ಮೆಲೇ ಬೀಳಿಸುವುದು ಜೀವಕ್ಕೆ ಅಪಾಯ, ಇಟ್ಟಿಗೆಯೂ ಉಳಿಯುವುದಿಲ್ಲ. ಮಣ್ಣು ತಡೆದಿರುವ ಗೋಡೆಯಾದರೆ ಮೊದಲು ಹಿಂದಿನ ಮಣ್ಣು ತೆಗೆದು ಆಮೇಲೆ ಗೋಡೆ ಮುಟ್ಟಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಮೀಟರಿನ ವೈರು, ನೀರಿನ ಪೈಪು, ಒಳಚರಂಡಿ ಎಲ್ಲಿ ಹೋಗಿದೆ ಎಂದು ತಿಳಿಯದೆ ಹಾರೆ ಹಾಕಬೇಡಿ.

ಹಳೇ ಕಲ್ಲುಗೋಡೆಯ ಸಂದು ಹಾವು, ಚೇಳುಗಳ ಮನೆಯೂ ಹೌದು. ಕಾಣದ ಜಾಗಕ್ಕೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ದಪ್ಪ ಕೈಗವಸು, ಬೂಟು ಇರಲಿ.

ಇಟ್ಟಿಗೆ, ಗ್ರಾನೈಟ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಕಾಯಿಲೆಗೆ ಇದೇ ಬಗೆಯ ಧೂಳು ಕಾರಣ. ಒಂದು ದಿನದ ಕೆಲಸ ಮಾಡಿಸುವ ನಿಮಗಿಂತ, ದಿನವೂ ಅದೇ ಕೆಲಸ ಮಾಡುವ ಕಾರ್ಮಿಕರಿಗೆ ಅಪಾಯ ಹೆಚ್ಚು. ನೀರು ಹಾಯಿಸುತ್ತಾ ಕತ್ತರಿಸಲು ಹೇಳಿ, ಎನ್95 ಮಾಸ್ಕ್ ಕೊಡಿಸಿ. ಮುಖಕ್ಕೆ ಕಟ್ಟಿದ ಟವೆಲ್ ಈ ಸಣ್ಣ ಧೂಳನ್ನು ತಡೆಯುವುದಿಲ್ಲ.

ಹೊಸ ಗೋಡೆ ಹೇಗಿರಬೇಕು?

ಪಾಯ: ಗೋಡೆ ಸರಿಸಿದ ಮೇಲೆ ಹಳೇ ಪಾಯ ಹಳೇ ಜಾಗದಲ್ಲೇ ಉಳಿಯಿತು. ಹೊಸ ಜಾಗದಲ್ಲಿ ಗಟ್ಟಿ ಮಣ್ಣು ಸಿಗುವವರೆಗೆ, ಕಡಿಮೆ ಎಂದರೂ ಒಂದೂವರೆಯಿಂದ ಎರಡು ಅಡಿ ಅಗೆಯಬೇಕು. ತೋಟದ ಮೆತ್ತನೆಯ ಮಣ್ಣಿನ ಮೇಲೆ ಕಟ್ಟಿದ ಗೋಡೆ ಮೊದಲ ಮಳೆಗೇ ವಾಲುತ್ತದೆ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಪಾಯ ಇನ್ನೂ ಆಳಕ್ಕೆ ಹೋಗಬೇಕು.

ಗೇಟು: ಜಾಗ ಅಗಲವಾದರೆ ಗೇಟೂ ಅಗಲ, ಭಾರ. ಹಳೇ ಇಟ್ಟಿಗೆಯ ಕಂಬಕ್ಕೆ ಅದನ್ನು ನೇತುಹಾಕಬೇಡಿ, ಕಾಂಕ್ರೀಟ್ ಪಿಲ್ಲರ್ ಮಾಡಿಸಿ. ಜಾರುವ ಗೇಟಾದರೆ ಎರಡೂ ತುದಿಗೆ ತಡೆ ಇರಲೇಬೇಕು. ಹಳಿ ತಪ್ಪಿದ ಗೇಟು ಆಟವಾಡುವ ಮಕ್ಕಳ ಮೇಲೆ ಬೀಳಬಹುದು.

ನೆಲ: ಪೂರ್ತಿ ಕಾಂಕ್ರೀಟ್ ಹಾಕಬೇಕಿಲ್ಲ. ಕಾರು ನಿಲ್ಲುವುದು ನಾಲ್ಕು ಚಕ್ರಗಳ ಮೇಲೆ. ಚಕ್ರ ಓಡುವ ಎರಡು ಪಟ್ಟಿಗೆ ಮಾತ್ರ ಹಳೇ ಚಪ್ಪಡಿ ಅಥವಾ ಅಂಚಿಗೆ ನಿಲ್ಲಿಸಿದ ಇಟ್ಟಿಗೆ ಹಾಕಿ, ನಡುವೆ ಹುಲ್ಲು ಅಥವಾ ಜಲ್ಲಿ ಬಿಡಬಹುದು. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಕಾರು ನಿಲ್ಲುವ 12.5 ಚದರ ಮೀಟರ್ ಜಾಗದ ಮೇಲೆ ಬೀಳುವುದು ವರ್ಷಕ್ಕೆ 12,000 ಲೀಟರ್. ಕರಾವಳಿಯಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು. ನೆಲ ಪೂರ್ತಿ ಮುಚ್ಚಿದರೆ ಇದೆಲ್ಲ ಚರಂಡಿಗೆ, ಇಲ್ಲವೇ ಗೋಡೆಯ ಬುಡಕ್ಕೆ. ನೆಲದ ಇಳಿಜಾರು ಗೋಡೆಯಿಂದ ಆಚೆಗಿರಲಿ.

ಈಗಿರುವ ಗೋಡೆ ಅಪಾಯದಲ್ಲಿದೆಯೇ? ಹೀಗೆ ನೋಡಿ

ಗೋಡೆ ಒಡೆಯುವ ಯೋಚನೆ ಇಲ್ಲದವರೂ ಒಮ್ಮೆ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

- ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ತುದಿಯಿಂದ ಇಳಿಬಿಡಿ. ಗೋಡೆ ವಾಲಿದೆಯೇ, ಹೊಟ್ಟೆ ಉಬ್ಬಿದೆಯೇ?
- ಅಡ್ಡಡ್ಡವಾಗಿ ಉದ್ದಕ್ಕೆ ಬಿರುಕು ಬಿಟ್ಟಿದೆಯೇ? ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗುರುತು ಹಾಕಿ, ದಿನಾಂಕ ಬರೆಯಿರಿ. ತಿಂಗಳಲ್ಲಿ ಬೆಳೆದಿದ್ದರೆ ಗೋಡೆ ಚಲಿಸುತ್ತಿದೆ.
- ಮಳೆ ನಿಂತ ಎಷ್ಟೋ ದಿನದ ಮೇಲೂ ಬುಡ ಒದ್ದೆಯಿದೆಯೇ?
- ನೀರು ಹೋಗುವ ಪೈಪು ಇದ್ದೂ ಮಳೆಯಲ್ಲಿ ಅದರಿಂದ ನೀರು ಬರುತ್ತಿಲ್ಲವೇ? ಅದು ಕಟ್ಟಿಕೊಂಡಿರಬಹುದು.

ಯಾವುದೇ ಒಂದಕ್ಕೆ ಹೌದು ಎಂದಾದರೆ ಆ ಗೋಡೆಯ ಪಕ್ಕ ಕಾರು ನಿಲ್ಲಿಸಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ, ಎಂಜಿನಿಯರಿಗೆ ತೋರಿಸಿ. ಗೋಡೆಗೆ ತಾಗಿದಂತೆ ಯಾರಾದರೂ ಶೆಡ್ ಹಾಕಿಕೊಂಡು ಮಲಗುತ್ತಿದ್ದರೆ ಮಳೆಗಾಲಕ್ಕೆ ಮುಂಚೆ ಅವರಿಗೂ ತಿಳಿಸಿ.

ಫಾರ್ವರ್ಡ್ ಮಾಡುವ ಮುಂಚೆ

ಹಳೇ ಇಟ್ಟಿಗೆ ಮತ್ತೆ ಬಳಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಒಂದೊಂದು ಇಟ್ಟಿಗೆಗೂ ಹೊಲದ ಮೇಲ್ಮಣ್ಣು ಮತ್ತು ಗೂಡಿನ ಸೌದೆ ಅಥವಾ ಕಲ್ಲಿದ್ದಲು ಖರ್ಚಾಗಿದೆ. ಅದನ್ನು ಉಳಿಸಿದರೆ ನಿಮ್ಮ ಹಣವೂ ಉಳಿಯುತ್ತದೆ. ಆದರೆ "ಜಾಗ ಪುಕ್ಕಟೆ" ಎನ್ನುವ ವಿಡಿಯೋ ಬಂದರೆ ಮೂರು ಪ್ರಶ್ನೆ ಕೇಳಿ: ಪಾಯ ತೋರಿಸಿದ್ದಾರೆಯೇ? ಗೋಡೆಯ ಹಿಂದೆ ಮಣ್ಣಿದೆಯೇ? ನೀರು ಎಲ್ಲಿಂದ ಹೋಗುತ್ತದೆ? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ನಿಮ್ಮ ಬೀದಿಯಲ್ಲಿ ಯಾರಾದರೂ ಈ ಬೇಸಿಗೆಯಲ್ಲಿ ಗೋಡೆ ಒಡೆಸುವ ಯೋಚನೆಯಲ್ಲಿದ್ದರೆ, ಕೆಲಸ ಶುರುವಾಗುವ ಮುಂಚೆ ಇದನ್ನು ಅವರಿಗೆ ಕಳುಹಿಸಿ.